ಹುಬ್ಬಳ್ಳಿ-ಧಾರವಾಡ: ಅಣ್ಣನಿಂದ ಬಲವಂತವಾಗಿ ರಾಜೀನಾಮೆ ಬರೆಸಿಕೊಂಡಿದ್ದಾರೆ, ವಕೀಲರ ಹತ್ತಿರ ಹೋಗಬೇಕಾ?

ಗೋಕುಲರೋಡ್_ತಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಅಣ್ಣನ ವಿಷಯ ಕೇಳಬೇಕಿತ್ತು. ಅಣ್ಣ ಗೋಕುಲ ರಸ್ತೆ ಕಡೆ ಒಂದು ಫ್ಯಾಕ್ಟರಿಯಲ್ಲಿ ಮಷಿನ್ ಆಪರೇಟರ್. ಸೇರಿ ಒಂಬತ್ತು ವರ್ಷ ಆಯಿತು. ಬೇಸಿಕ್, ಡಿಎ ಸೇರಿ ಪಗಾರ 13,000 ರೂಪಾಯಿ. ಹೋದ ವಾರ ಎರಡನೇ ಪಾಳಿ ಮುಗಿಯುವ ಹೊತ್ತಿಗೆ ಎಚ್‌ಆರ್ ಕ್ಯಾಬಿನ್‌ಗೆ ಕರೆದರು. ಫೋನ್ ಹೊರಗೆ ಇಡಿಸಿದರು. ಮೊದಲೇ ಟೈಪ್ ಮಾಡಿಟ್ಟಿದ್ದ ರಾಜೀನಾಮೆ ಪತ್ರ ಮುಂದಿಟ್ಟು ಸಹಿ ಹಾಕು ಅಂದರು. ಪತ್ರ ಪೂರ್ತಿ ಇಂಗ್ಲಿಷಿನಲ್ಲಿತ್ತು. ಅಣ್ಣ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಎಸ್ಸೆಸ್ಸೆಲ್ಸಿವರೆಗೆ. "ಸಹಿ ಹಾಕದಿದ್ದರೆ ಡಿಸ್‌ಮಿಸ್ ಅಂತ ಬರೀತೀವಿ, ಆಮೇಲೆ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಲ್ಲೂ ಕೆಲಸ ಸಿಗಲ್ಲ, ಬೇಲೂರು ಇಂಡಸ್ಟ್ರಿಯಲ್ ಏರಿಯಾದಲ್ಲೂ ಸಿಗಲ್ಲ" ಅಂದರಂತೆ. ತಾರೀಕು ಬರೆಯುವ ಜಾಗ ಖಾಲಿ ಬಿಡಿಸಿಕೊಂಡಿದ್ದಾರೆ. ಮರುದಿನದಿಂದ ಗೇಟಿನಲ್ಲಿ ಒಳಗೆ ಬಿಡುತ್ತಿಲ್ಲ.

ಸಹಿ ಹಾಕಿದ ಮೇಲೆ ಮುಗೀತು, ಕೋರ್ಟು ಕಚೇರಿ ಬೇಡ ಅಂತಾರೆ ಅಪ್ಪ. ನನಗೆ ಸುಮ್ನೆ ಬಿಡಲು ಮನಸ್ಸಿಲ್ಲ. ಇದರಲ್ಲಿ ವಕೀಲರು ಏನು ಮಾಡಬಹುದು? ಖರ್ಚು ಹೇಗಿರುತ್ತದೆ?

ಉಣಕಲ್_ನಿವಾಸಿ

ತಮ್ಮಾ, ಬೇಜಾರು ಮಾಡ್ಕೋಬೇಡ. ಕೇಸು ಹಾಕಿದರೆ ವರ್ಷಗಟ್ಟಲೆ ಎಳೆಯುತ್ತದೆ. ತಾರೀಕಿಗೆ ಹೋದ ದಿನ ಕೂಲಿಯೂ ಇಲ್ಲ. ಮನೆ ನಡೆಯಬೇಕಲ್ವಾ? ಸಿಗುವ ಲೆಕ್ಕ ತಗೊಂಡು ಅಣ್ಣ ಬೇರೆ ಕಡೆ ಸೇರಿಕೊಳ್ಳಲಿ.

ಯೂನಿಯನ್_ಕಾಕಾ

ಉಣಕಲ್ ಅಣ್ಣಾರು ಹೇಳಿದ ಕಷ್ಟ ನಿಜ. ನಾನೂ ಕಣ್ಣಾರೆ ಕಂಡಿದ್ದೇನೆ. ಆದರೆ ಲೆಕ್ಕ ಎಷ್ಟು ಅಂತ ಗೊತ್ತಿಲ್ಲದೆ "ಸಿಗುವ ಲೆಕ್ಕ" ತಗೊಳ್ಳುವುದು ಹೇಗೆ? ಮೊದಲು ಅದನ್ನು ನೋಡೋಣ.

ಗ್ರಾಚ್ಯುಟಿ (ಸೇವೆ ಮುಗಿದಾಗ ಕೊಡುವ ಹಣ): 13,000ವನ್ನು ತಿಂಗಳ ಕೆಲಸದ ದಿನ 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದ್ದು ಅಂದರೆ 7,500. ಒಂಬತ್ತು ವರ್ಷಕ್ಕೆ 67,500. ಐದು ವರ್ಷ ಮುಗಿಸಿದವರಿಗೆ ಇದು ಹಕ್ಕು. ತಾನಾಗಿ ಬಿಟ್ಟರೂ ಬರುತ್ತದೆ, ಅವರೇ ತೆಗೆದರೂ ಬರುತ್ತದೆ.

ಈಗ ಇದನ್ನು ನೋಡು ತಮ್ಮಾ. ಕಂಪನಿ ತಾನಾಗಿ ತೆಗೆದಿದ್ದರೆ ಇದರ ಮೇಲೆ ವರ್ಷಕ್ಕೆ 15 ದಿನದ ಸರಾಸರಿ ಪಗಾರ ಪರಿಹಾರ ಕೊಡಬೇಕಿತ್ತು. ಒಂದು ತಿಂಗಳು ಮುಂಚೆ ನೋಟಿಸ್ ಕೊಡಬೇಕಿತ್ತು, ಇಲ್ಲ ಆ ತಿಂಗಳ ಪಗಾರ ಕೊಡಬೇಕಿತ್ತು. ಕೆಲಸಗಾರನೇ ಬಿಟ್ಟ ಅಂತ ಕಾಗದ ಇದ್ದರೆ ಈ ಎರಡೂ ಕಂಪನಿಗೆ ಉಳಿಯಿತು. ಟೈಪ್ ಮಾಡಿದ ಪತ್ರ ರೆಡಿ ಇದ್ದದ್ದು ಅದಕ್ಕೇ. ಆದ್ದರಿಂದ ಆ ಸಹಿಗೆ ಇವತ್ತೇ ಉತ್ತರ ಹೋಗಬೇಕು. ಕೋರ್ಟಿಗೆ ಹೋಗುವುದು ಬಿಡುವುದು ಆಮೇಲಿನ ಮಾತು.

ಲೇಬರ್‌ಕೋರ್ಟ್_ವಕೀಲೆ

ಕಾಕಾ ಹೇಳಿದ್ದು ಸರಿ. ನಾನು ಹುಬ್ಬಳ್ಳಿಯಲ್ಲಿ ಕಾರ್ಮಿಕ ಕೇಸುಗಳನ್ನು ನೋಡುತ್ತೇನೆ. ನನ್ನ ಹೆಸರು, ನಂಬರ್ ಇಲ್ಲಿ ಹಾಕುವುದಿಲ್ಲ, ವಕೀಲರು ಜಾಹೀರಾತು ಮಾಡುವ ಹಾಗಿಲ್ಲ. ಆದರೆ ನಮ್ಮ ಜನ ನಮ್ಮ ಹತ್ತಿರ ಬರುವ ಹೊತ್ತಿಗೆ ಎಲ್ಲ ಕಾಗದಕ್ಕೂ ಸಹಿ ಬಿದ್ದಿರುತ್ತದೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬೆದರಿಸಿ ಪಡೆದ ರಾಜೀನಾಮೆ ರಾಜೀನಾಮೆಯೇ ಅಲ್ಲ. ಕಾನೂನಿನ ಕಣ್ಣಿಗೆ ಅದು ಕೆಲಸದಿಂದ ತೆಗೆದಿದ್ದು. ಆದರೆ ಬೆದರಿಸಿದರು ಅಂತ ತೋರಿಸುವ ಭಾರ ಅಣ್ಣನ ಮೇಲೆ ಬೀಳುತ್ತದೆ. ಕ್ಯಾಬಿನ್ ಒಳಗೆ ಇದ್ದವರು ಅವರ ಕಡೆಯವರು, ಸಾಕ್ಷಿ ಹೇಳುವುದಿಲ್ಲ. ಹಾಗಾಗಿ ಕೋರ್ಟ್ ನೋಡುವುದು ಆಮೇಲೆ ನೀವು ಏನು ಮಾಡಿದಿರಿ ಅಂತ. ಒಂದು ವಾರದೊಳಗೆ ಪತ್ರ ಬರೆದವನ ಮಾತಿಗೂ, ಆರು ತಿಂಗಳ ನಂತರ ವಕೀಲರ ನೋಟಿಸಿನಲ್ಲಿ ಮೊದಲ ಸಲ ಹೇಳಿದವನ ಮಾತಿಗೂ ಬಹಳ ವ್ಯತ್ಯಾಸ ಇದೆ.

ಪತ್ರ ಅಣ್ಣನ ಕೈಬರಹದಲ್ಲಿ, ಕನ್ನಡದಲ್ಲೇ ಇರಲಿ. ಯಾವ ದಿನ, ಎಷ್ಟು ಗಂಟೆಗೆ, ಯಾರು ಕರೆದರು, ಒಳಗೆ ಯಾರ್ಯಾರಿದ್ದರು ಅಂತ ಬರೆಯಲಿ. ಫೋನ್ ಹೊರಗಿಡಿಸಿದ್ದು, ಪತ್ರ ಇಂಗ್ಲಿಷಿನಲ್ಲಿದ್ದದ್ದು, ಓದಿ ಹೇಳದಿದ್ದದ್ದು, ತಾರೀಕು ಖಾಲಿ ಬಿಡಿಸಿದ್ದು, ಬಾಯಿಂದ ಬಂದ ಬೆದರಿಕೆ ಮಾತು ಇದ್ದ ಹಾಗೇ ಬರಲಿ. ಕೊನೆಗೆ ಎರಡು ಸಾಲು ಮರೆಯಬಾರದು: "ನಾನು ರಾಜೀನಾಮೆ ಕೊಟ್ಟಿಲ್ಲ, ಆ ಕಾಗದವನ್ನು ಹಿಂಪಡೆದಿದ್ದೇನೆ. ಕೆಲಸ ಮಾಡಲು ಸಿದ್ಧನಿದ್ದೇನೆ, ಗೇಟಿಗೆ ಬಂದರೂ ಒಳಗೆ ಬಿಡುತ್ತಿಲ್ಲ." ಸ್ಪೀಡ್ ಪೋಸ್ಟ್ ಮಾಡಿ. ಮುಟ್ಟಿದ ಮೇಲೆ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆದಿಡಿ, ಕೆಲವು ವಾರ ಬಿಟ್ಟರೆ ಆ ಪುಟ ಸಿಗದೆ ಹೋಗಬಹುದು. ಎಚ್‌ಆರ್ ಇಮೇಲ್‌ಗೂ ಅದರ ಫೋಟೋ ಕಳಿಸಿ. ಒಂದು ಪ್ರತಿ ಲೇಬರ್ ಆಫೀಸರ್‌ಗೆ ಹೋಗಲಿ.

ಇಷ್ಟಕ್ಕೆ ವಕೀಲರ ಫೀಸು ಬೇಕಿಲ್ಲ. ಆದರೆ ಕಳಿಸುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಸಿಟ್ಟಿನಲ್ಲಿ ಬರೆದ ಒಂದು ಸಾಲು ಮುಂದೆ ಪಾಟೀಸವಾಲಿನಲ್ಲಿ ಕಾಡುತ್ತದೆ.

ಗೋಕುಲರೋಡ್_ತಮ್ಮ

ತುಂಬಾ ಥ್ಯಾಂಕ್ಸ್ ಅಕ್ಕಾರೆ. ಅಣ್ಣ ಈಗಲೇ ಬರೆಯಲು ಕುಳಿತಿದ್ದಾನೆ. ಕೇಸು ಅಂತ ಆದರೆ ಸೀದಾ ಲೇಬರ್ ಕೋರ್ಟಿಗೇ ಹೋಗೋದಾ?

ಲೇಬರ್‌ಕೋರ್ಟ್_ವಕೀಲೆ

ಇಲ್ಲ. ಮೊದಲ ಬಾಗಿಲು ಕಾರ್ಮಿಕ ಇಲಾಖೆಯದು. ಅಲ್ಲಿ ರಾಜಿ ಸಂಧಾನಕ್ಕೆ ಅರ್ಜಿ ಕೊಡಬೇಕು. ಅಧಿಕಾರಿ ಕಂಪನಿಗೆ ನೋಟಿಸ್ ಕೊಟ್ಟು ಇಬ್ಬರನ್ನೂ ಕರೆಸುತ್ತಾರೆ. ಕಂಪನಿಯವರು ಮೊದಲ ಸಲ "ಆಕ್ಷೇಪಣೆ ಹಾಕಲು ಟೈಮ್ ಕೊಡಿ" ಅಂತಾರೆ, ಎರಡನೇ ಸಲ ಅದೇ ರಾಜೀನಾಮೆ ಪತ್ರದ ಝೆರಾಕ್ಸ್ ತಂದು ಇಡುತ್ತಾರೆ. ಆಗ ಫೈಲಿನಲ್ಲಿ ಅಣ್ಣನ ಪತ್ರವೂ ಇದ್ದರೆ ಮಾತಿನ ಧಾಟಿಯೇ ಬೇರೆ. ಸಂಧಾನ ಆಗದಿದ್ದರೆ ಅಧಿಕಾರಿ ವರದಿ ಕೊಡುತ್ತಾರೆ, ಆಮೇಲೆ ಕೋರ್ಟು.

ಇಲ್ಲಿ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಸಂಧಾನದಲ್ಲಿ ವಕೀಲರು ನಿಮ್ಮ ಪರ ನಿಲ್ಲುವ ಹಾಗಿಲ್ಲ. ಕಂಪನಿ ಪರವೂ ಇಲ್ಲ. ಯೂನಿಯನ್ ಪದಾಧಿಕಾರಿ ಬರಬಹುದು. ಮುಂದೆ ಕೋರ್ಟಿನಲ್ಲೂ ಎದುರು ಪಕ್ಷದ ಒಪ್ಪಿಗೆ, ಕೋರ್ಟಿನ ಅನುಮತಿ ಇದ್ದರೆ ಮಾತ್ರ ವಕೀಲರು. ಕಂಪನಿಗೂ ವಕೀಲರು ಬೇಕಿರುವುದರಿಂದ ಅದು ಸಾಮಾನ್ಯವಾಗಿ ಆಗುತ್ತದೆ. ಹಾಗಾದರೆ ಶುರುವಿನಲ್ಲಿ ವಕೀಲರು ಯಾಕೆ ಬೇಕು? ಅರ್ಜಿ ಬರೆಯಲು, ಯಾವ ಬಾಗಿಲಿಗೆ ಹೋಗಬೇಕು ಅಂತ ಹೇಳಲು, ಅವಧಿ ತಪ್ಪದಂತೆ ನೋಡಲು. ನಮ್ಮ ಕೆಲಸದಲ್ಲಿ ದೊಡ್ಡ ಪಾಲು ಕೋರ್ಟ್ ಹಾಲಿನ ಹೊರಗೇ ನಡೆಯುತ್ತದೆ.

ಅವಧಿ ಬಗ್ಗೆ ಗಮನ ಇರಲಿ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕೆಲಸದಿಂದ ತೆಗೆದವರಿಗೆ ಮೂರು ವರ್ಷ ಸಮಯ ಇತ್ತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನವೇ ಇಲ್ಲ. ಸಂಧಾನ ಮುರಿದ ವರದಿ ಕೈಗೆ ಬಂದ ಮೇಲೆ 90 ದಿನದೊಳಗೆ ಮುಂದಿನ ಅರ್ಜಿ ಹಾಕಬೇಕು. ಹೊಸ ಟ್ರಿಬ್ಯುನಲ್ (ನ್ಯಾಯಮಂಡಳಿ) ಬರುವವರೆಗೆ ಆ ಅರ್ಜಿಯನ್ನು ಈಗಿರುವ ಲೇಬರ್ ಕೋರ್ಟುಗಳೇ ನೋಡುತ್ತವೆ. ಹಳೆಯದು ಎಲ್ಲಿಗೆ ಮುಗಿಯಿತು, ಹೊಸದು ಎಲ್ಲಿಂದ ಶುರು ಅಂತ ಪ್ರತಿ ಕೇಸಿನಲ್ಲೂ ಕೂತು ನೋಡಬೇಕಾದ ಕಾಲ ಇದು.

ತಾರಿಹಾಳ_ಫಿಟ್ಟರ್

ಮೇಡಂ, ನನ್ನದು ಸ್ವಲ್ಪ ಬೇರೆ. ಸೂಪರ್‌ವೈಸರ್ ಜತೆ ಜಗಳ ಆಯಿತು ಅಂತ ಸಸ್ಪೆಂಡ್ ಮಾಡಿ ಚಾರ್ಜ್‌ಶೀಟ್ ಕೊಟ್ಟಿದ್ದಾರೆ. ಎನ್‌ಕ್ವಯರಿ ಇಟ್ಟಿದ್ದಾರೆ. ಅವರೇ ಇಟ್ಟ ಎನ್‌ಕ್ವಯರಿ, ಅವರ ಪರವಾಗಿಯೇ ಆಗುತ್ತದೆ, ಹೋಗಬೇಡ ಅಂತ ಗೆಳೆಯರು ಹೇಳ್ತಾರೆ.

ಲೇಬರ್‌ಕೋರ್ಟ್_ವಕೀಲೆ

ದಯವಿಟ್ಟು ಹೋಗಿ. ಇದೊಂದು ವಿಷಯದಲ್ಲಿ ಗೆಳೆಯರ ಮಾತು ಕೇಳಬೇಡಿ. ನೀವು ಹೋಗದಿದ್ದರೆ ಏಕಪಕ್ಷೀಯ ಅಂತ ಬರೆದು ಮುಗಿಸುತ್ತಾರೆ. ಆಮೇಲೆ "ನನಗೆ ಮಾತಾಡಲು ಬಿಡಲಿಲ್ಲ" ಅಂತ ಹೇಳಲು ಬಾಯಿ ಇರುವುದಿಲ್ಲ.

ಚಾರ್ಜ್‌ಶೀಟಿಗೆ ಕೊಟ್ಟ ದಿನದೊಳಗೆ ಉತ್ತರ ಕೊಡಿ, ಸಾಲದಿದ್ದರೆ ಸಮಯ ಕೇಳಿ ಪತ್ರ ಕೊಡಿ. ಯಾವ ದಾಖಲೆ ನೆಚ್ಚಿಕೊಂಡು ಆರೋಪ ಮಾಡಿದ್ದಾರೋ ಅದರ ಪ್ರತಿ ಕೇಳಿ. ಭಾಷೆ ಅರ್ಥ ಆಗದಿದ್ದರೆ ಕನ್ನಡದಲ್ಲಿ ನಡೆಸಿ ಅಂತ ಲಿಖಿತವಾಗಿ ಕೇಳಿ. ಜತೆಗೆ ಸಹೋದ್ಯೋಗಿ ಒಬ್ಬರನ್ನು ಕರೆದೊಯ್ಯಲು ಅನುಮತಿ ಕೇಳಿ. ಎನ್‌ಕ್ವಯರಿಯಲ್ಲಿ ಪ್ರತಿ ಹಾಳೆಯ ಕೆಳಗೆ ಸಹಿ ಕೇಳುತ್ತಾರೆ. ಅವಸರ ಮಾಡುತ್ತಾರೆ, ಊಟದ ಹೊತ್ತಾಯಿತು ಅಂತಾರೆ. ಓದಿ. ನೀವು ಹೇಳಿದ್ದು ಬರೆಯದೆ ಇದ್ದರೆ ಸಹಿಯ ಮೇಲೆ "ನಾನು ಹೇಳಿದ ಇಂಥ ಮಾತು ದಾಖಲಿಸಿಲ್ಲ" ಅಂತ ಪೆನ್ನಿನಲ್ಲಿ ಬರೆದು ಆಮೇಲೆ ಸಹಿ ಮಾಡಿ. ಅಂಥ ಒಂದು ಸಾಲಿನ ಮೇಲೆ ಇಡೀ ಎನ್‌ಕ್ವಯರಿ ನ್ಯಾಯಯುತವಾಗಿ ನಡೆದಿಲ್ಲ ಅಂತ ಕೋರ್ಟಿನಲ್ಲಿ ವಾದ ನಿಲ್ಲಿಸಬಹುದು.

ಸಸ್ಪೆನ್ಷನ್‌ನಲ್ಲಿರುವಾಗ ಜೀವನಾಂಶ ಭತ್ಯೆ ಬರಬೇಕು. ಮೊದಲ 90 ದಿನ ಪಗಾರದ ಶೇಕಡಾ 50, ಆಮೇಲೂ ಎನ್‌ಕ್ವಯರಿ ಮುಗಿಯದೆ, ತಡ ನಿಮ್ಮಿಂದ ಆಗಿಲ್ಲದಿದ್ದರೆ ಶೇಕಡಾ 75. ಬರುತ್ತಿದೆಯಾ?

ತಾರಿಹಾಳ_ಫಿಟ್ಟರ್

ಒಂದು ರೂಪಾಯಿ ಬಂದಿಲ್ಲ ಮೇಡಂ. ಅಂಥದ್ದು ಇದೆ ಅಂತಲೇ ಗೊತ್ತಿರಲಿಲ್ಲ.

ಯೂನಿಯನ್_ಕಾಕಾ

ನಾಳೆಯೇ ಪತ್ರ ಹಾಕು. ಭತ್ಯೆ ಕೊಡದೆ ಎನ್‌ಕ್ವಯರಿ ಮಾಡಿದರು ಅನ್ನುವುದೇ ಒಂದು ದೊಡ್ಡ ಅಂಶ ಆಗುತ್ತದೆ.

ಕೇಶ್ವಾಪುರ_ಸಿಸ್ಟರ್

ನಾನು ನರ್ಸ್. ಸೇರುವಾಗ ಒರಿಜಿನಲ್ ಮಾರ್ಕ್ಸ್‌ಕಾರ್ಡ್, ಡಿಪ್ಲೊಮಾ ಸರ್ಟಿಫಿಕೇಟ್ ಇಸಿದುಕೊಂಡರು. ಎರಡು ವರ್ಷದ ಬಾಂಡ್ ಇದೆ. ಈಗ ಬೇರೆ ಊರಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಬಿಟ್ಟರೆ ಒಂದು ಲಕ್ಷ ಕಟ್ಟು, ಆಮೇಲೆ ಸರ್ಟಿಫಿಕೇಟ್ ಅಂತಾರೆ.

ಕೋಡಿಂಗ್_ಹುಡುಗ

ಅಕ್ಕಾ, ನಮ್ಮ ಸಾಫ್ಟ್‌ವೇರ್ ಕಡೆಯೂ ಇದೇ. ಬಾಂಡ್ ಅಂದರೆ ಕಾನೂನಿನಲ್ಲಿ ಬೆಲೆಯೇ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಹೆದರಬೇಡಿ, ಬಿಟ್ಟು ಹೋಗಿ.

ಲೇಬರ್‌ಕೋರ್ಟ್_ವಕೀಲೆ

ಹಾಗೆ ಸಾರಾಸಗಟಾಗಿ ಹೇಳಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ 2 ಲಕ್ಷ ರೂಪಾಯಿಯ ಬಾಂಡನ್ನು ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕಾಗಿತ್ತು, ದೊಡ್ಡ ಪರೀಕ್ಷೆ ನಡೆಸಿ ಅಧಿಕಾರಿಗಳನ್ನು ತೆಗೆದುಕೊಳ್ಳುತ್ತಿತ್ತು, ಮಧ್ಯೆ ಬಿಟ್ಟು ಹೋದರೆ ಮತ್ತೆ ಅಷ್ಟೂ ಖರ್ಚು ಅನ್ನುವುದನ್ನು ಕೋರ್ಟ್ ನೋಡಿತು. ಕೆಲಸದಲ್ಲಿ ಇರುವಾಗಿನ ಷರತ್ತು ಬೇರೆ, ಬಿಟ್ಟ ಮೇಲೆ ಇನ್ನೆಲ್ಲೂ ಕೆಲಸ ಮಾಡಬಾರದು ಅನ್ನುವ ಷರತ್ತು ಬೇರೆ. ಎರಡನೆಯದು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಮೊದಲನೆಯದರಲ್ಲಿ ಬರೆದ ಮೊತ್ತ ಪೂರ್ತಿ ಸಿಗುತ್ತದೆ ಅಂತಲೂ ಇಲ್ಲ. ನ್ಯಾಯವಾದ ಪರಿಹಾರ ಎಷ್ಟೋ ಅಷ್ಟೇ, ಬರೆದ ಮೊತ್ತ ಅದರ ಗರಿಷ್ಠ ಮಿತಿ.

ಸಿಸ್ಟರ್, ನಿಮಗೆ ತರಬೇತಿ ಅಂತ ನಿಜವಾಗಿ ಖರ್ಚು ಮಾಡಿದ್ದಾರಾ? ಬಾಂಡಿನ ಪ್ರತಿ ನಿಮ್ಮ ಹತ್ತಿರ ಇದೆಯಾ? ಎಷ್ಟು ತಿಂಗಳು ಮುಗಿಸಿದ್ದೀರಿ? ಇದರ ಮೇಲೆ ಚೌಕಾಶಿ ಮಾಡಬಹುದು. ಸರ್ಟಿಫಿಕೇಟ್ ಮಾತ್ರ ಬೇರೆ ವಿಷಯ. ಅದು ನಿಮ್ಮ ಸ್ವತ್ತು, ಬಾಂಡಿನ ಹಣಕ್ಕೆ ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಬರೀ ಅದನ್ನು ಕೇಳಿ ವಕೀಲರಿಂದ ಒಂದು ನೋಟಿಸ್ ಕೊಡಿಸಿ. ಇಸಿದುಕೊಂಡಾಗ ರಸೀದಿ ಕೊಟ್ಟಿದ್ದರೆ, ಅಥವಾ ವಾಟ್ಸಾಪಿನಲ್ಲಿ "ಒರಿಜಿನಲ್ ತಂದುಕೊಡಿ" ಅಂತ ಮೆಸೇಜ್ ಇದ್ದರೆ ಅಳಿಸಬೇಡಿ. ಆ ಫೋನ್ ಮಾರಲೂ ಬೇಡಿ. ವಾಟ್ಸಾಪ್ ಮೆಸೇಜನ್ನು ಕೋರ್ಟಿಗೆ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಮೂಲ ಫೋನ್ ಇದ್ದರೆ ಸುಲಭ.

ಕೋಡಿಂಗ್_ಹುಡುಗ

ಗೊತ್ತಾಯಿತು ಮೇಡಂ. ನಮ್ಮಂಥವರು ಲೇಬರ್ ಕೋರ್ಟಿಗೆ ಬರಬಹುದಾ? ನಮಗೆ ಅದೆಲ್ಲ ಅನ್ವಯಿಸಲ್ಲ ಅಂತ ಎಚ್‌ಆರ್ ಹೇಳ್ತಾರೆ.

ಲೇಬರ್‌ಕೋರ್ಟ್_ವಕೀಲೆ

ಹುದ್ದೆಯ ಹೆಸರಿನಿಂದ ತೀರ್ಮಾನ ಆಗುವುದಿಲ್ಲ, ಮಾಡುವ ಕೆಲಸದಿಂದ ಆಗುತ್ತದೆ. ತಾಂತ್ರಿಕ, ಕೈಕೆಲಸ, ಗುಮಾಸ್ತ ಕೆಲಸದವರಿಗೆ ಪಗಾರದ ಮಿತಿ ಇಲ್ಲ. ಮ್ಯಾನೇಜರ್ ಕೆಲಸದವರು ಹೊರಗೆ. ಸೂಪರ್‌ವೈಸರ್ ಕೆಲಸ ಮಾಡಿ ತಿಂಗಳಿಗೆ 18,000ಕ್ಕಿಂತ ಜಾಸ್ತಿ ಪಡೆಯುವವರೂ ಹೊರಗೆ. "ಎಕ್ಸಿಕ್ಯುಟಿವ್" ಅಂತ ಕಾರ್ಡು ಕೊಟ್ಟ ಮಾತ್ರಕ್ಕೆ ನೀವು ಹೊರಗಿನವರಾಗುವುದಿಲ್ಲ. ಇನ್ನು ಅಂಗಡಿ, ಶೋರೂಮ್, ಆಫೀಸಿನವರಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ 39ನೇ ಕಲಮಿನಲ್ಲಿ ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವ ಹಾಗಿಲ್ಲ, ತೆಗೆದರೆ ಮೇಲ್ಮನವಿ ಇದೆ.

ನಿಜವಾದ ಮ್ಯಾನೇಜರ್‌ಗಳಿಗೆ ಸಿವಿಲ್ ಕೋರ್ಟ್ ಉಳಿಯುತ್ತದೆ. ಅಲ್ಲಿ ಕರಾರಿನ ಪ್ರಕಾರ ನೋಟಿಸ್ ಅವಧಿಯ ಹಣ ಕೇಳಬಹುದು, ಮತ್ತೆ ಕೆಲಸಕ್ಕೆ ತಗೊಳ್ಳಿ ಅಂತ ಆದೇಶ ಸಿಗುವುದು ಕಷ್ಟ.

ಗದಗ_ಮೇಷ್ಟ್ರು

ಖಾಸಗಿ ಶಾಲೆ ಶಿಕ್ಷಕರ ಪಾಡು ಯಾರೂ ಕೇಳುವುದಿಲ್ಲ. ನಮ್ಮನ್ನು ಏಪ್ರಿಲ್‌ನಲ್ಲಿ ಬಿಡಿಸಿ ಜೂನ್‌ನಲ್ಲಿ ಹೊಸಬರನ್ನು ತಗೋತಾರೆ. ಲೇಬರ್ ಆಫೀಸಿಗೆ ಹೋದರೆ ನೀವು ಕಾರ್ಮಿಕರಲ್ಲ ಅಂದರು.

ಲೇಬರ್‌ಕೋರ್ಟ್_ವಕೀಲೆ

ಸರ್, ಅವರು ಹೇಳಿದ್ದು ಸರಿ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಕಾರ್ಮಿಕರಲ್ಲ ಅಂತ 1988ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದರೆ ನಿಮಗೆ ಬೇರೆ ಬಾಗಿಲಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ವಿಚಾರಣೆ ಮಾಡದೆ ಶಿಕ್ಷಕರನ್ನು ವಜಾ ಮಾಡುವ ಹಾಗಿಲ್ಲ. ಮಾಡಿದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಹೋಗಬೇಕು. ಮೂರು ವರ್ಷ ಅಲ್ಲ ಸರ್, ಮೂರು ತಿಂಗಳು. ತಪ್ಪು ಬಾಗಿಲಲ್ಲಿ ಕೂತು ಕಾಯುತ್ತಾ ಈ ಅವಧಿ ಕಳೆದುಕೊಂಡವರನ್ನು ನೋಡಿದರೆ ನನಗೆ ತುಂಬಾ ಸಂಕಟ ಆಗುತ್ತದೆ. ನಿಮ್ಮನ್ನು ಯಾವಾಗ ಬಿಡಿಸಿದರು?

ಗದಗ_ಮೇಷ್ಟ್ರು

ಹೋದ ತಿಂಗಳು.

ಲೇಬರ್‌ಕೋರ್ಟ್_ವಕೀಲೆ

ಹಾಗಾದರೆ ಸಮಯ ಇದೆ. ಈ ವಾರವೇ ಗದಗ ಜಿಲ್ಲಾ ಕೋರ್ಟಿನಲ್ಲಿ ಇಂಥ ಮೇಲ್ಮನವಿ ನಡೆಸುವ ವಕೀಲರನ್ನು ಕಾಣಿ. ನೇಮಕಾತಿ ಪತ್ರ, ಹಾಜರಿ ಪುಸ್ತಕದ ಪ್ರತಿ, ಪಗಾರ ಜಮಾ ಆದ ಪಾಸ್‌ಬುಕ್ ಒಯ್ಯಿರಿ. ಐದು ವರ್ಷ ಆಗಿದ್ದರೆ ಗ್ರಾಚ್ಯುಟಿಯೂ ಕೇಳಿ. 2009ರ ತಿದ್ದುಪಡಿ ಶಿಕ್ಷಕರಿಗೆ 1997ರ ಏಪ್ರಿಲ್ 3ರಿಂದಲೇ ಅದನ್ನು ಕೊಟ್ಟಿದೆ, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ.

ಬ್ಯಾಡಗಿ_ಮಗಳು

ನಮ್ಮ ಅವ್ವ, ಅತ್ತೆ ಎಲ್ಲ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಕಿಲೋ ಲೆಕ್ಕದಲ್ಲಿ ಕೂಲಿ. ಸಂಜೆಗೆ ಕೈ ಉರಿ ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರುತ್ತಾರೆ, ಊಟ ಮಾಡಲೂ ಆಗಲ್ಲ. ಎರಡು ವಾರದ ಕೂಲಿ ಬಾಕಿ ಇದೆ. ಕಾಗದ ಅಂತ ಒಂದೂ ಇಲ್ಲ. ಇವರಿಗೂ ಕಾನೂನು ಇದೆಯಾ?

ಲೇಬರ್‌ಕೋರ್ಟ್_ವಕೀಲೆ

ಇದೆ ತಂಗೀ. ಕಿಲೋ ಲೆಕ್ಕದ ಕೆಲಸಕ್ಕೂ ಕನಿಷ್ಠ ಕೂಲಿ ಅನ್ವಯಿಸುತ್ತದೆ. ವೇತನ ಸಂಹಿತೆಯಲ್ಲಿ ಬಾಕಿ ಕೂಲಿ ಕೇಳಲು ಮೂರು ವರ್ಷ ಅವಧಿ ಇದೆ. ಅದಕ್ಕಿಂತ ಮುಖ್ಯ ವಿಷಯ, ಕೂಲಿ ಕೊಟ್ಟಿದ್ದೇನೆ ಅಂತ ತೋರಿಸುವ ಭಾರ ಕೆಲಸ ಕೊಟ್ಟವನ ಮೇಲಿದೆ. ಕೆಲಸ ಮಾಡಿದ್ದು ಮಾತ್ರ ನೀವು ತೋರಿಸಬೇಕು. ಹೆಂಗಸರೆಲ್ಲ ಒಟ್ಟಾಗಿ ಕೂತು ಯಾವ ದಿನ ಯಾರು ಎಷ್ಟು ಕಿಲೋ ಬಿಡಿಸಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಇವತ್ತಿಂದ ದಿನಾ ಬರೆಯಿರಿ. ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಇರಲಿ. ಒಬ್ಬರೇ ಹೋಗಬೇಡಿ, ಒಟ್ಟಾಗಿ ಅರ್ಜಿ ಕೊಡಿ. ನೋಂದಾಯಿತ ಯೂನಿಯನ್ ಇದ್ದರೆ ಅವರೂ ಕೊಡಬಹುದು.

ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ.

ಯೂನಿಯನ್_ಕಾಕಾ

ಇದನ್ನು ಎಲ್ಲರೂ ಬರೆದಿಟ್ಟುಕೊಳ್ಳಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 12ನೇ ಕಲಮು. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಜತೆಗೆ ಕೈಗಾರಿಕಾ ಕಾರ್ಮಿಕರು. ಕಾರ್ಮಿಕ ಅಂದರೆ ಸಾಕು, ಆದಾಯ ಪ್ರಮಾಣಪತ್ರ ಕೇಳುವ ಹಾಗಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಧಾರವಾಡದಲ್ಲಿದೆ, ತಾಲೂಕಿನಲ್ಲಿ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಗೋಕುಲ ರೋಡ್ ತಮ್ಮಾ, ಖರ್ಚಿನ ಬಗ್ಗೆ ಕೇಳಿದ್ದೆಯಲ್ಲ, ನಿಮ್ಮ ಅಣ್ಣನಿಗೂ ಇದು ಸಿಗುತ್ತದೆ.

ಲೇಬರ್‌ಕೋರ್ಟ್_ವಕೀಲೆ

ಸ್ವಂತ ವಕೀಲರನ್ನು ಇಟ್ಟುಕೊಳ್ಳುವುದಾದರೆ ಮೊದಲ ದಿನವೇ ಮೂರು ಪ್ರಶ್ನೆ ಕೇಳಿ. ನೀವು ಸಾಮಾನ್ಯವಾಗಿ ಕಾರ್ಮಿಕರ ಪರವೋ, ಮ್ಯಾನೇಜ್‌ಮೆಂಟ್ ಪರವೋ? ನಮ್ಮಲ್ಲಿ ಬರೀ ಮ್ಯಾನೇಜ್‌ಮೆಂಟ್ ಕೇಸು ನಡೆಸುವವರಿದ್ದಾರೆ, ಅದು ತಪ್ಪಲ್ಲ, ಆದರೆ ಗೊತ್ತಿರಬೇಕು. ಫೀಸು ಯಾವ ಹಂತಕ್ಕೆ ಎಷ್ಟು? ತಾರೀಕಿಗೆ ನೀವೇ ಬರುತ್ತೀರಾ, ಜೂನಿಯರ್ ಬರುತ್ತಾರಾ? "ಗೆದ್ದ ಹಣದಲ್ಲಿ ಇಷ್ಟು ಪಾಲು ಕೊಡಿ" ಅಂತ ಕೇಳಿದರೆ ಒಪ್ಪಬೇಡಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಖಾಲಿ ಹಾಳೆಗೆ ಸಹಿ ವಕೀಲರು ಕೇಳಿದರೂ ಹಾಕಬೇಡಿ.

ಶೋರೂಮ್_ಕೆಲಸದಾಕಿ

ಹೆಸರು ಹೇಳಲ್ಲ. ಮಾಲೀಕರ ಸಂಬಂಧಿಯೊಬ್ಬ ಕೆಟ್ಟದಾಗಿ ಮೆಸೇಜ್ ಹಾಕ್ತಾನೆ, ಸ್ಟಾಕ್ ರೂಮಿಗೆ ಹಿಂದೆಯೇ ಬರ್ತಾನೆ. ನಾವು ಇರುವುದೇ ಆರು ಜನ. ಮನೆಯಲ್ಲಿ ಹೇಳಿದರೆ ಕೆಲಸ ಬಿಡು ಅಂತಾರೆ. ಕೆಲಸ ನನಗೆ ಬೇಕು.

ಲೇಬರ್‌ಕೋರ್ಟ್_ವಕೀಲೆ

ತಂಗೀ, ತಪ್ಪು ನಿಮ್ಮದಲ್ಲ, ಕೆಲಸ ಬಿಡಬೇಕಾದವರೂ ನೀವಲ್ಲ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ ಒಳಗೆ ಸಮಿತಿ ಇರುವುದಿಲ್ಲ, ಅದಕ್ಕೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇದೆ. ಅಲ್ಲಿಗೆ ದೂರು ಕೊಡಿ. ಘಟನೆ ನಡೆದು ಮೂರು ತಿಂಗಳೊಳಗೆ ಕೊಡಬೇಕು, ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗಬಹುದು. ಸಮಿತಿ ಮುಂದೆಯೂ ವಕೀಲರು ಬರುವ ಹಾಗಿಲ್ಲ. ದೂರು ಬರೆಯಲು ಮಾತ್ರ ಒಬ್ಬ ವಕೀಲೆಯ ನೆರವು ತಗೊಳ್ಳಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಸಿಗುತ್ತದೆ. ಮೆಸೇಜುಗಳ ಸ್ಕ್ರೀನ್‌ಶಾಟ್ ನಂಬಿಕೆಯವರೊಬ್ಬರಿಗೆ ಇವತ್ತೇ ಕಳಿಸಿಡಿ. ಪೊಲೀಸ್ ದೂರಿನ ದಾರಿ ಬೇರೆಯಾಗಿಯೇ ಇದೆ, ಒಂದು ಮಾಡಿದರೆ ಇನ್ನೊಂದು ತಪ್ಪುವುದಿ​ಲ್ಲ. ವಿಚಾರಣೆ ನಡೆಯುವಾಗ ನಿಮಗೆ ಮೂರು ತಿಂಗಳವರೆಗೆ ರಜೆ ಕೊಡಿಸುವ ಶಿಫಾರಸನ್ನೂ ಸಮಿತಿ ಮಾಡಬಹುದು, ಕೇಳಿ.

ಉಣಕಲ್_ನಿವಾಸಿ

ಇಷ್ಟೆಲ್ಲ ಓದಿದೆ. ಒಳ್ಳೆಯ ಮಾಹಿತಿ. ಆದರೂ ಕೇಳ್ತೀನಿ, ಕೊನೆಗೆ ಗೆಲ್ಲುವವರು ಎಷ್ಟು ಜನ? ಕಂಪನಿ ಹೈಕೋರ್ಟಿಗೆ ಹೋದರೆ?

ಯೂನಿಯನ್_ಕಾಕಾ

ಹೋಗುತ್ತಾರೆ. ಮೊದಲು ಹೈಕೋರ್ಟ್ ಅಂದರೆ ಬೆಂಗಳೂರು, ಅಲ್ಲೇ ಕಾರ್ಮಿಕ ಸೋಲುತ್ತಿದ್ದ. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಈಗ ಬೆಳಿಗ್ಗೆ ಬಸ್ ಹತ್ತಿದರೆ ಸಂಜೆ ಮನೆಗೆ ಬರಬಹುದು. ಮತ್ತೆ ಕೆಲಸಕ್ಕೆ ತಗೊಳ್ಳಿ ಅಂತ ಆದೇಶ ಆದ ಮೇಲೆ ಕಂಪನಿ ಹೈಕೋರ್ಟಿಗೆ ಹೋದರೆ, ಅಲ್ಲಿ ಕೇಸು ಮುಗಿಯುವವರೆಗೆ ಕೊನೆಯ ಪಗಾರ ಕಾರ್ಮಿಕನಿಗೆ ಕೊಡುತ್ತಿರಬೇಕು. ಅವನು ಬೇರೆ ಕಡೆ ಕೆಲಸದಲ್ಲಿಲ್ಲ ಅಂತ ಅಫಿಡವಿಟ್ ಹಾಕಬೇಕು ಅಷ್ಟೆ. ಎಳೆದಾಡುವುದರಿಂದ ಕಂಪನಿಗೆ ಲಾಭ ಇಲ್ಲದ ಹಾಗೆ ಕಾನೂನು ಮಾಡಿದ್ದಾರೆ.

ಲೇಬರ್‌ಕೋರ್ಟ್_ವಕೀಲೆ

ಉಣಕಲ್ ಅಣ್ಣಾರ ಪ್ರಶ್ನೆ ಸರಿಯಾದದ್ದೇ. ಎಲ್ಲರೂ ಕೊನೆತನಕ ಹೋರಾಡಬೇಕು ಅಂತ ನಾನೂ ಹೇಳುವುದಿಲ್ಲ. ಒಳ್ಳೆಯ ಮೊತ್ತಕ್ಕೆ ರಾಜಿ ಆದರೆ ಮಾಡಿಕೊಳ್ಳಿ ಅಂತ ನಾನೇ ಹೇಳಿದ್ದುಂಟು, ಅದರಲ್ಲೂ ಮಕ್ಕಳ ಫೀಸು, ಮನೆ ಬಾಡಿಗೆ ಕುತ್ತಿಗೆಗೆ ಬಂದಿರುವಾಗ. ಆದರೆ ಗ್ರಾಚ್ಯುಟಿ, ಬಾಕಿ ಪಗಾರ, ರಜೆಯ ಹಣ ಇವು ಹೇಗೂ ಕೊಡಬೇಕಾದವು. ಅವನ್ನೇ ಸೇರಿಸಿ "ಇಷ್ಟು ಕೊಡ್ತೀವಿ, ಕೇಸು ಬಿಡು" ಅಂದರೆ ಅದು ರಾಜಿಯೇ ಅಲ್ಲ. ಅದರ ಮೇಲೆ ಎಷ್ಟು ಅನ್ನುವುದು ಮಾತುಕತೆ. ರಾಜಿ ಪತ್ರ ಲೇಬರ್ ಆಫೀಸರ್ ಮುಂದೆಯೇ ಆಗಲಿ, ಸರ್ವಿಸ್ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವ ಸಾಲು ಅದರಲ್ಲಿ ಇರಲಿ.

ಗೋಕುಲರೋಡ್_ತಮ್ಮ

ಎಲ್ಲರಿಗೂ ಒಂದು ಸುದ್ದಿ. ಪತ್ರ ಹೋಗಿದೆ, ಮುಟ್ಟಿದೆ, ಪ್ರಿಂಟ್ ತೆಗೆದಿಟ್ಟಿದ್ದೇವೆ. ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರೂ ಸಿಕ್ಕರು, ಸಂಧಾನದ ಅರ್ಜಿ ಬರೆದುಕೊಟ್ಟಿದ್ದಾರೆ. ಅಪ್ಪನೂ ಜತೆಗೆ ಬಂದಿದ್ದರು. ಈಗ ಕಂಪನಿ ಅಣ್ಣನ ಖಾತೆಗೆ 41,000 ಹಾಕಿದೆ, "ಪೂರ್ಣ ಮತ್ತು ಅಂತಿಮ ಲೆಕ್ಕ" ಅಂತ ಇಮೇಲ್ ಬಂದಿದೆ. ಹಣ ವಾಪಸ್ ಮಾಡಬೇಕಾ? ಇನ್ನೊಂದು, ಪಿಎಫ್ ತೆಗೆಯಲಾ ಅಂತ ಅಣ್ಣ ಕೇಳ್ತಿದ್ದಾನೆ.

ಲೇಬರ್‌ಕೋರ್ಟ್_ವಕೀಲೆ

ಹಣ ಇಟ್ಟುಕೊಳ್ಳಲಿ. ಆದರೆ ಆ ಇಮೇಲ್‌ಗೆ ಇವತ್ತೇ ಉತ್ತರ ಹೋಗಲಿ: "ಈ ಮೊತ್ತವನ್ನು ನನಗೆ ಬರಬೇಕಾದ ಹಣದ ಒಂದು ಭಾಗ ಅಂತ ಮಾತ್ರ, ಆಕ್ಷೇಪದೊಂದಿಗೆ ಪಡೆದಿದ್ದೇನೆ. ಅಂತಿಮ ಲೆಕ್ಕ ಅಂತ ಒಪ್ಪಿಲ್ಲ. ಇದರ ವಿವರ ಕೊಡಿ." ಗ್ರಾಚ್ಯುಟಿ ಒಂದೇ 67,500 ಆಗುವಾಗ 41,000 ಹೇಗೆ ಅಂತಿಮ? ಗ್ರಾಚ್ಯುಟಿ ಅರ್ಜಿಯನ್ನು ಬೇರೆಯಾಗಿ ಕೊಡಿ, 30 ದಿನದೊಳಗೆ ಕೊಡದಿದ್ದರೆ ಬಡ್ಡಿ ಸಹಿತ ಕೇಳಬಹುದು. ಭತ್ಯೆಗಳು ಒಟ್ಟು ಪಗಾರದ ಅರ್ಧಕ್ಕಿಂತ ಜಾಸ್ತಿ ಇದ್ದರೆ, ಜಾಸ್ತಿ ಇದ್ದಷ್ಟು ಮೊತ್ತವನ್ನು ಹೊಸ ಸಂಹಿತೆ ಪಗಾರಕ್ಕೇ ಸೇರಿಸುತ್ತದೆ. ಪೇಸ್ಲಿಪ್ ತೋರಿಸಿ ನಿಮ್ಮ ವಕೀಲರಿಂದ ಅದನ್ನೂ ಲೆಕ್ಕ ಹಾಕಿಸಿ.

ಪಿಎಫ್ ಈಗ ಮುಟ್ಟಬೇಡಿ. ಕೆಲಸ ಬಿಟ್ಟಿದ್ದೇನೆ ಅಂತ ಇವನೇ ಬರೆದುಕೊಟ್ಟು ಹಣ ತೆಗೆದಿದ್ದಾನೆ ಅಂತ ಕಂಪನಿಯವರು ಸಂಧಾನದಲ್ಲಿ ಎತ್ತುತ್ತಾರೆ. ಪಾಸ್‌ಬುಕ್ ಮಾತ್ರ ತೆಗೆದು ನೋಡಿ, ಒಂಬತ್ತು ವರ್ಷದ ಪ್ರತಿ ತಿಂಗಳೂ ಕಟ್ಟಿದ್ದಾರಾ ಅಂತ. ಬಿಟ್ಟ ತಿಂಗಳಿದ್ದರೆ ನವನಗರದ ಪಿಎಫ್ ಆಫೀಸಿಗೆ ದೂರು ಕೊಡಬಹುದು. ಕೆಲಸ ಬಿಟ್ಟ ತಾರೀಕು ಅಂತ ಕಂಪನಿ ಏನು ಹಾಕಿದೆ ಅಂತಲೂ ನೋಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರಾಜೀನಾಮೆಯ ಖಾಲಿ ಜಾಗದಲ್ಲಿ ತುಂಬಿದ ತಾರೀಕಿಗೂ ಅದಕ್ಕೂ ಹೊಂದದಿದ್ದರೆ ಸಂಧಾನದ ದಿನ ಮೊದಲ ಪ್ರಶ್ನೆ ಅದೇ ಆಗಲಿ.

ಗೋಕುಲರೋಡ್_ತಮ್ಮ

ನೋಡಿದೆ ಅಕ್ಕಾರೆ. ಪಿಎಫ್‌ನಲ್ಲಿ ಅವರು ಹಾಕಿದ ತಾರೀಕು ಕ್ಯಾಬಿನ್‌ಗೆ ಕರೆದ ದಿನಕ್ಕಿಂತ ಎಂಟು ದಿನ ಹಿಂದಿನದು. ಆ ಎಂಟೂ ದಿನ ಅಣ್ಣ ಪಾಳಿಗೆ ಹೋಗಿದ್ದಾನೆ, ಕ್ಯಾಂಟೀನ್ ಕೂಪನ್ ಹರಿದ ತುಂಡು ಮನೆಯಲ್ಲಿವೆ.

ಲೇಬರ್‌ಕೋರ್ಟ್_ವಕೀಲೆ

ಒಂದನ್ನೂ ಬಿಸಾಡಬೇಡಿ. ಎಲ್ಲ ಒಂದು ಕವರಿನಲ್ಲಿ ಹಾಕಿ ನಿಮ್ಮ ವಕೀಲರಿಗೆ ನಾಳೆಯೇ ತೋರಿಸಿ. ಆ ದಿನಗಳ ಹಾಜರಿ ರಿಜಿಸ್ಟರ್ ತರಿಸಿ ಅಂತ ಅಧಿಕಾರಿಯವರಿಗೆ ಅರ್ಜಿಯಲ್ಲೇ ಕೇಳಲಿ.